ಅವತ್ತು ಹಸು ಕರೆದವರು ಯಾರು

ನಮ್ಮ ಮನೆಯಲ್ಲಿ ಮದುವೆ ಕಾರ್ಡುಗಳು ಒಳಗೆ ಇರುತ್ತಿದ್ದವು, ತಿಥಿ ಕಾರ್ಡುಗಳು ಕೊಟ್ಟಿಗೆಯಲ್ಲಿ. ಸಾವಿನ ಮನೆಯಿಂದ ಬಂದ ಕಾಗದ ಹೊಸ್ತಿಲು ದಾಟಬಾರದೆಂದು ನಮ್ಮ ಕಡೆ ಎಲ್ಲರೂ ಅದನ್ನು ಬೀದಿಯಲ್ಲೇ ನಿಂತು ಓದಿ, ದಿನ ನೆನಪಿಟ್ಟುಕೊಂಡು, ಹರಿದು ಹಾಕುತ್ತಾರೆ. ಅಪ್ಪ ಹರಿಯುತ್ತಿರಲಿಲ್ಲ. ಹನ್ನೊಂದನೆಯ ದಿನದ ಊಟ ಮುಗಿಸಿಕೊಂಡು ಬಂದವರು ಆ ಕಾರ್ಡನ್ನು ಕೊಟ್ಟಿಗೆಯ ಸೂರಿನಲ್ಲಿ, ಹೆಂಚಿನ ಕೆಳಗೆ ಸಿಕ್ಕಿಸುತ್ತಿದ್ದರು. ವರ್ಷಗಟ್ಟಲೆ ಹೀಗೆ ಸಿಕ್ಕಿಸಿ ಸಿಕ್ಕಿಸಿ, ಹಸುಗಳ ತಲೆಯ ಮೇಲೆ ಸತ್ತವರ ಫೋಟೋಗಳ ಒಂದು ಸಾಲೇ ಆಗಿಹೋಗಿತ್ತು.

"ಸಾವಿನ್ ಕಾಗ್ದ ಜ್ವಾಪಾನ ಮಾಡೋರ್ನ ನಾನೆಲ್ಲೂ ಕಂಡಿಲ್ಲ," ಎಂದು ಅಮ್ಮ ಹಾಲು ಕರೆಯಲು ಹೋದಾಗಲೆಲ್ಲ ಗೊಣಗುತ್ತಿದ್ದಳು.

"ಅದು ಸಾವಿನ್ ಕಾಗ್ದ ಅಲ್ಲ ಕನೆ, ಓಟು," ಎನ್ನುತ್ತಿದ್ದರು ಅಪ್ಪ.

ಅವರು ಹಾಗೆ ನಂಬಿದ್ದಕ್ಕೆ ಕಾರಣವಿತ್ತು. ಮದ್ದೂರು, ಮಂಡ್ಯ, ಮಳವಳ್ಳಿಯ ಕಡೆ ರಾಜಕೀಯ ಮಾಡುವವರು ಭಾಷಣ ತಪ್ಪಿಸಿದರೂ ನಡೆಯುತ್ತದೆ, ಬೀಗರ ಊಟ ಮತ್ತು ತಿಥಿ ತಪ್ಪಿಸುವಂತಿಲ್ಲ. ಒಂದೇ ದಿನ ನಾಲ್ಕು ಕಡೆ ಎಲೆ ಹಾಕಿದ್ದರೆ ನಾಲ್ಕರಲ್ಲೂ ಒಂದೊಂದು ತುತ್ತಾದರೂ ಉಣ್ಣಬೇಕು, ಸತ್ತವರ ಫೋಟೋಗೆ ಹಾರ ಹಾಕಬೇಕು, ಮನೆಯ ಹಿರಿಯರ ಕೈ ಹಿಡಿದು ಎರಡು ನಿಮಿಷ ಸುಮ್ಮನೆ ನಿಲ್ಲಬೇಕು. ಅಪ್ಪ ಇದನ್ನು ಇಪ್ಪತ್ತು ವರ್ಷ ಒಂದು ದಿನವೂ ತಪ್ಪಿಸದೆ ಮಾಡಿದವರು. ಪಕ್ಷ ಅವರಿಗೆ ತಾಲ್ಲೂಕು ಪಂಚಾಯ್ತಿ ಟಿಕೆಟ್ ಕೊಡುತ್ತೇನೆಂದು ಎರಡು ಸಲ ಹೇಳಿ ಎರಡು ಸಲವೂ ಬೇರೆಯವರಿಗೆ ಕೊಟ್ಟಿತ್ತು. ಪಕ್ಷದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಬ್ಬ ಹೆಂಗಸಿನ ಹೆಸರನ್ನೂ ಬರೆಯುವುದಿಲ್ಲ, ಅವರು ಮುಂದೆ ಬರುತ್ತಾರೆ.

ಕಳೆದ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಪಕ್ಷ ಸೋತಿತು. ಸೋಲು ದೊಡ್ಡದೇ. ಆದರೆ ಅಪ್ಪನನ್ನು ಕೂರಿಸಿಬಿಟ್ಟದ್ದು ನಮ್ಮ ಊರಿನ ಬೂತಿನ ಲೆಕ್ಕ. ಅಲ್ಲಿಯೂ ನಾವು ಹಿಂದಿದ್ದೆವು. ಎಣಿಕೆಯ ದಿನ ಅವರು ಜಗಲಿಯ ಮೇಲೆ ಫೋನು ಹಿಡಿದುಕೊಂಡು ಬೀದಿಯಲ್ಲಿ ಹೋಗುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತಿದ್ದರು. ಎಲ್ಲರೂ ಎಂದಿನಂತೆ ನಕ್ಕು ಮಾತಾಡಿಸಿಕೊಂಡೇ ಹೋದರು. ಅದನ್ನು ಅವರಿಗೆ ತಡೆಯಲಾಗಲಿಲ್ಲ.

ಒಂದು ತಿಂಗಳ ಮೇಲೆ ಮದ್ದೂರಿನಲ್ಲಿ ಆತ್ಮಾವಲೋಕನ ಸಭೆ ಕರೆದರು. ನಾನು ಮೈಸೂರಿನಲ್ಲಿ ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿ, ಮಳವಳ್ಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. "ಓದಿರೋಳು, ನಡವಳಿ ಬರ್ಕೊಡ್ತಾಳೆ," ಎಂದು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಗೊಬ್ಬರದ ಅಂಗಡಿಯ ಮೇಲಿನ ಸಭಾಂಗಣ. ಕೆಳಗಿನಿಂದ ಯೂರಿಯಾ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು, ಸೋಲಿನ ಕಾರಣಗಳು ಎಂದು ತಲೆಬರಹ ಬರೆದು ಗೆರೆ ಎಳೆದೆ. ಎರಡು ಗಂಟೆಯಾದರೂ ಆ ಗೆರೆಯ ಕೆಳಗೆ ಬರೆಯಬಹುದಾದ ಒಂದು ವಾಕ್ಯ ಸಿಗಲಿಲ್ಲ.

"ನಿನ್ ಬೂತಲ್ಲೇ ಲೀಡಿಲ್ಲ, ನನ್ ಕೇಳ್ತೀಯೇನ್ಲಾ?"

"ನಮ್ಮೂರಲ್ಲಿ ಅವತ್ತು ಮೂರ್ ಬೀಗ್ರೂಟ ಇತ್ತು ಕನ್ಲಾ. ಓಟಾಕಕ್ಕೆ ಯಾರ್ ಬತ್ತಾರೆ?"

"ಮೂರರಲ್ಲೂ ಮೊದ್ಲನೆ ಪಂಕ್ತೀಲಿ ನೀನೇ ಕುಂತಿದ್ದೆ ಬುಡು."

ನಗು. ಮತ್ತೆ ಜಗಳ. ಮುಂದಿನ ಟಿಕೆಟ್ ಯಾರಿಗೆ ಎಂಬ ಮಾತು ಬಂದಾಗ ಇಬ್ಬರು ಎದ್ದು ನಿಂತು ಕೈ ಕೈ ಮಿಲಾಯಿಸುವಷ್ಟಾಯಿತು. ಆಗ ಹಿಂದಿನಿಂದ ಯಾರೋ, "ಚಿಕ್ಕರಸಿನಕೆರೆಯಿಂದ ಬಸಪ್ಪನ್ನೇ ಕರ್ಸಿ. ಯಾರ್ ಮ್ಯಾಲ್ ಕಾಲಿಟ್ರೆ ಅವ್ರಿಗ್ ಟಿಕೆಟ್ಟು," ಎಂದರು. ನಮ್ಮ ಕಡೆ ದೇವಸ್ಥಾನಕ್ಕೆ ಹೊಸ ಪೂಜಾರಿ ಬೇಕಾದಾಗ ದೇವರಿಗೆ ಬಿಟ್ಟ ಬಸವ, ಅದೇ ಬಸಪ್ಪ, ಜನರ ನಡುವೆ ನಡೆದು ಬಂದು ಒಬ್ಬರ ಮೇಲೆ ಕಾಲಿಟ್ಟು ತೋರಿಸುತ್ತದೆ. ಸಭೆ ಪೂರ್ತಿ ನಕ್ಕಿತು. ನಗದೆ ಇದ್ದವರು ಒಬ್ಬರೇ, ಮಂಡ್ಯದಿಂದ ಬಂದಿದ್ದ ಜಿಲ್ಲಾ ವೀಕ್ಷಕರು. ನಿವೃತ್ತ ಮೇಷ್ಟ್ರು, ಸಣ್ಣ ಧ್ವನಿಯವರು.

"ಬಸಪ್ಪ ತೋರಿಸಿದವರನ್ನ ಜನ ಒಪ್ಕೋತಾರೆ. ನಾವು ತೋರಿಸಿದವರನ್ನ ಯಾಕೆ ಒಪ್ಪಲಿಲ್ಲ ಅಂತ ಯಾರಾದರೂ ಯೋಚನೆ ಮಾಡಿದ್ದೀರಾ?" ಎಂದರು. ಯಾರೂ ಮಾಡಿರಲಿಲ್ಲ. "ತಾಲ್ಲೂಕು ಪಂಚಾಯ್ತಿ ಚುನಾವಣೆ ಯಾವಾಗ ಬೇಕಾದ್ರೂ ಬರಬಹುದು. ಈ ಸಲ ಶಿಫಾರಸು ಬೇಡ. ಟಿಕೆಟ್ ಕೇಳುವವರು ಜನ ತಮ್ಮನ್ನು ಯಾಕೆ ಆರಿಸಬೇಕು ಅನ್ನೋದಕ್ಕೆ ಒಂದು ಸಾಕ್ಷಿ ತನ್ನಿ. ಫೋಟೋ ಅಲ್ಲ, ಸಾಕ್ಷಿ."

ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಅವರ ಮುಖ ಎಷ್ಟೋ ದಿನಗಳ ಮೇಲೆ ಬೆಳಗಿತ್ತು. ಸಾಕ್ಷಿ ಕೊಟ್ಟಿಗೆಯ ತುಂಬ ಇತ್ತು.

ಮರುದಿನವೇ ಏಣಿ ಹಾಕಿ ಕಾರ್ಡುಗಳನ್ನು ಇಳಿಸಿದೆವು. ಕೆಲವಕ್ಕೆ ಗೆದ್ದಲು, ಕೆಲವಕ್ಕೆ ಹೊಗೆ. ಅಪ್ಪ ಒಂದೊಂದನ್ನೇ ಒರೆಸಿ ನನ್ನ ಕೈಗೆ ಕೊಡುತ್ತಾ ಯಾರ ಮನೆ, ಯಾವ ಊರು, ಪಕ್ಕದ ಎಲೆಯಲ್ಲಿ ಯಾರು ಕೂತಿದ್ದರು, ಸಾರಿಗೆ ಉಪ್ಪು ಹೆಚ್ಚಾಗಿತ್ತೋ ಇಲ್ಲವೋ ಎಲ್ಲವನ್ನೂ ಹೇಳುತ್ತಿದ್ದರು. ಆ ನೆನಪಿಗೆ ನಾನು ಬೆರಗಾದೆ. ಆದರೂ ಪಟ್ಟಿ ಮಾಡುತ್ತಾ ಮಾಡುತ್ತಾ ಒಂದು ಅನುಮಾನ ಬಂತು.

"ಈ ಕಾರ್ಡು ಅವರು ನಿಮ್ಮನ್ನು ಕರೆದರು ಅನ್ನೋದಕ್ಕೆ ಸಾಕ್ಷಿ, ಅಪ್ಪ. ಅವರು ನಿಮ್ಮನ್ನು ಆರಿಸುತ್ತಾರೆ ಅನ್ನೋದಕ್ಕಲ್ಲ," ಎಂದೆ.

"ಊಟುಕ್ ಕರ್ದೋರು ಓಟಾಕ್ದೆ ಇರ್ತಾರಾ?"

"ನಮ್ಮ ಬೂತಲ್ಲಿ ಹಾಕಲಿಲ್ಲವಲ್ಲ."

ಅವರು ಕೈಯಲ್ಲಿದ್ದ ಕಾರ್ಡನ್ನು ಮತ್ತೊಮ್ಮೆ ಒರೆಸಿದರು. "ಓಗ್ ಕೇಳು ಮೊಗಾ. ಒಂದೊಂದ್ ಮನೆಗೂ ಓಗ್ ಕೇಳು. ನನ್ ಎಸ್ರು ಯೋಳ್ದೆ ಇರೋ ಮನೆ ಇದ್ರೆ ತೋರ್ಸು. ಅತ್ತೇನ್ ಕರ್ಕೊಂಡೋಗು." ಆಮೇಲೆ, ಏಣಿ ಎತ್ತಿಕೊಂಡು ಹೋಗುತ್ತಾ, "ಇದೊಂದ್ ಸಲ ಆಗ್ಲಿಲ್ಲ ಅಂದ್ರೆ ಇನ್ ನಂಗಿಲ್ಲ," ಎಂದರು. ಅದನ್ನು ನನಗೆ ಹೇಳಿದ್ದೋ ಹಸುಗಳಿಗೆ ಹೇಳಿದ್ದೋ ತಿಳಿಯಲಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಎದುರು ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು ಇದ್ದಾರೆ. ನಾನು ಕಾಲೇಜಿನ ರಜೆಗಳಲ್ಲಿ ಹೋಗಲೆಂದು ಒಂದು ಪ್ರಶ್ನಾವಳಿ ಸಿದ್ಧಮಾಡಿದ್ದೆ. ಮೊದಲ ಪ್ರಶ್ನೆ: ತಮ್ಮ ಕುಟುಂಬದ ದುಃಖದ ಸಂದರ್ಭದಲ್ಲಿ ನಮ್ಮ ತಂದೆಯವರು ಭಾಗವಹಿಸಿದ್ದರೇ? ಓದಿ ಹೇಳಿದಾಗ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಇದೇನ್ ಪರೀಕ್ಸೆನಾ? ಫೇಲಾದೋರ್ಗೆ ಏನ್ ಮಾಡೀಯೆ?"

ಮೊದಲ ಮನೆ ನಮ್ಮ ಬೀದಿಯ ಕೊನೆಯದೇ. ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡ ಹೆಂಗಸು ಹುಲ್ಲು ಕತ್ತರಿಸುತ್ತಾ ಕೂತಿದ್ದರು. ನಾನು ಕಾರ್ಡು ತೋರಿಸಿ ಪ್ರಶ್ನೆ ಕೇಳಿದೆ.

"ಬಂದಿದ್ರು ಕನವ್ವ, ನಿಮ್ಮಪ್ಪ. ಅನ್ನೊಂದ್ನೆ ದಿನ. ಎಲೆ ಆಕೋ ವೊತ್ಗೆ ಸರ್ಯಾಗ್ ಬಂದ್ರು." ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಹೇಳಲಾರೆ. ಬಂದಿದ್ದರು ಎಂದು ಬರೆದುಕೊಂಡೆ.

ಅತ್ತೆ ಅಂಗಳದಲ್ಲಿ ಕಟ್ಟಿದ್ದ ಹಸುವನ್ನು ನೋಡುತ್ತಿದ್ದರು. ಹಸು ಸಾಕುವವರಿಗೆ ಬರುವ ಯೋಚನೆಯೇ ಅವರಿಗೆ ಬಂದದ್ದು. "ಅಲ್ಲ ಕನಮ್ಮಿ, ನಿನ್ ಗಂಡ ಓದ್ ದಿನ, ಈ ಅಸ ಕರ್ದೋರ್ ಯಾರು?"

ಕುಡುಗೋಲು ನಿಂತಿತು.

ಆ ಹೆಂಗಸು ಹೇಳಿದ್ದನ್ನು ನಾನು ಅಲ್ಲಿ ಬರೆದುಕೊಳ್ಳಲಿಲ್ಲ. ಬರೆಯುವುದು ಸರಿಯೆನಿಸಲಿಲ್ಲ. ಆದರೆ ಮರೆತಿಲ್ಲ. ಬೆಳಗಿನ ಜಾವ ಜೀವ ಹೋಗಿತ್ತು. ಬಿಸಿಲೇರುವ ಹೊತ್ತಿಗೆ ಮನೆ ತುಂಬ ಜನ, ಅಳು, ಫೋನು. ಹಸು ಕೆಚ್ಚಲು ಬಿಗಿದು ಕೂಗುತ್ತಿತ್ತು, ಯಾರಿಗೂ ಕೇಳಿಸಿರಲಿಲ್ಲ. "ನಂಗ್ ಕೇಳುಸ್ತಿತ್ತು. ಆದ್ರೆ ಎಣ ಬುಟ್ ಎಂಗ್ ಏಳನೆ? ಅಸೀಗೋಸ್ಕರ ಎದ್ಲು ಅಂತ ಜನ ಆಡ್ಕೊಳಲ್ವಾ?" ಆಗ ಡೇರಿಯಲ್ಲಿ ಹಾಲು ಅಳೆಯುವಾಕೆ ಹಿತ್ತಲ ಕಡೆಯಿಂದ ಬಂದರಂತೆ. ಯಾರೊಂದಿಗೂ ಮಾತಾಡದೆ ಬಕೆಟ್ಟು ಹುಡುಕಿ, ಹಸುವಿನ ಬೆನ್ನು ಸವರಿ, ಕರೆದು, ಕರು ಬಿಟ್ಟು, ಹುಲ್ಲು ಹಾಕಿ ಹೋದರಂತೆ. ಸಂಜೆಯೂ ಬಂದರು. ಹನ್ನೊಂದು ದಿನವೂ ಬಂದರು.

"ಸೂತ್ಕದ್ ಮನೆ ಆಲು ಡೇರಿಗ್ ಆಕ್ಬೋದಾ ಅಂತ ಯಾರೋ ರಾಗ ತಗುದ್ರಂತೆ. 'ಅಸೀಗೇನ್ ಸೂತ್ಕ ಕನ್ರಪ್ಪ?' ಅಂತ ಕ್ಯಾನಿಗ್ ಸುರುದ್ಲಂತೆ ಅವ್ಳು."

ಹೊರಗೆ ಬಂದ ಮೇಲೆ ಪ್ರಶ್ನಾವಳಿಯನ್ನು ಮಡಚಿ ಚೀಲದಲ್ಲಿ ಇಟ್ಟೆ. ಹೊಸ ಹಾಳೆಯಲ್ಲಿ ಒಂದು ಉದ್ದ ಗೆರೆ ಎಳೆದೆ. ಎಡಗಡೆ ಹನ್ನೊಂದನೆಯ ದಿನ ಬಂದವರು, ಬಲಗಡೆ ಅವತ್ತು ಹಸು ಕರೆದವರು.

ಆ ದಸರಾ ರಜೆಯಲ್ಲಿ ನಾವು ಐದು ಊರು ತಿರುಗಿದೆವು. ಎಡಗಡೆಯ ಪ್ರಶ್ನೆ ಕೇಳಿದರೆ ಜನ ಯೋಚಿಸುತ್ತಿದ್ದರು. "ಬಂದಿದ್ರು ಅನ್ಸುತ್ತೆ. ಎಲ್ಲಾ ಬಂದಿದ್ರು. ಎಂಎಲ್ಎನೂ ಬಂದಿದ್ರು." ಬಲಗಡೆಯದನ್ನು ಕೇಳಿದರೆ ಯೋಚಿಸಬೇಕಾಗಿಯೇ ಇರಲಿಲ್ಲ. ಸತ್ತ ಹೊತ್ತು ಎಷ್ಟೆಂದು ಮರೆತವರಿದ್ದರು, ತಿಥಿಯಲ್ಲಿ ಏನು ಅಡುಗೆ ಎಂದು ಮರೆತವರಿದ್ದರು. ಒಬ್ಬ ಮುದುಕರಿಗೆ ಸತ್ತ ತಮ್ಮನ ವಯಸ್ಸೇ ನೆನಪಾಗಲಿಲ್ಲ. ಆದರೆ ಆ ದಿನ ಕೊಟ್ಟಿಗೆಗೆ ಯಾರು ಹೋದರು, ಯಾವ ಕೈಯಲ್ಲಿ ಬಕೆಟ್ಟು ಹಿಡಿದಿದ್ದರು, ಹಗ್ಗ ಯಾವ ಕಂಬಕ್ಕೆ ಸುತ್ತಿದರು, ಎಲ್ಲ ಹೇಳುತ್ತಿದ್ದರು. ಹೇಳುವಾಗ ಧ್ವನಿ ತಗ್ಗುತ್ತಿತ್ತು. ತರಗತಿಯಲ್ಲಿ ಪ್ರಾತಿನಿಧ್ಯ ಎಂಬ ಪದವನ್ನು ನಾನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಜಗಲಿಗಳ ಮೇಲೆ ಕೂತಾಗ, ಜನ ತಮ್ಮ ಪ್ರತಿನಿಧಿಯನ್ನು ಎಂದೋ ಆರಿಸಿಕೊಂಡುಬಿಟ್ಟಿದ್ದಾರೆ, ನಾವು ಹೋಗಿ ಕೇಳಿಲ್ಲ ಅಷ್ಟೆ ಎನಿಸುತ್ತಿತ್ತು.

ಪ್ರತಿ ಊರಿನಲ್ಲೂ ಅಂಥವರೊಬ್ಬರು ಇದ್ದರು. ಒಂದು ಊರಿನಲ್ಲಿ ಕಬ್ಬಿನ ಲಾರಿ ಓಡಿಸುವವನು. ಇನ್ನೊಂದರಲ್ಲಿ ಸೊಸೆಯಾಗಿ ಬಂದು ಎರಡು ವರ್ಷವೂ ತುಂಬದ ಹುಡುಗಿ. ನಮ್ಮ ಬೂತ್ ಕಮಿಟಿಗಳ ಪಟ್ಟಿ ತೆಗೆದು ನೋಡಿದೆ. ಒಬ್ಬರ ಹೆಸರೂ ಇರಲಿಲ್ಲ. ಅಪ್ಪನಿಗೆ ಪರಿಚಯವಿದ್ದ ಎದುರು ಪಕ್ಷದ ಒಬ್ಬರನ್ನು ಸುಮ್ಮನೆ ಕೇಳಿದೆ, ಅವರ ಪಟ್ಟಿಯಲ್ಲೂ ಇರಲಿಲ್ಲ. ಬಲಗಡೆಯ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದದ್ದು ನಮ್ಮೂರ ಡೇರಿಯಾಕೆಯ ಹೆಸರು. ಪಕ್ಕದ ಎರಡು ಊರಿನ ಹಾಲೂ ಇಲ್ಲಿಗೇ ಬರುತ್ತದೆ. ಬೆಳಿಗ್ಗೆ ಅಳತೆ ಮುಗಿದ ಮೇಲೆ ಅವರು ಯಾವ ಮನೆಯ ನಂಬರಿನ ಹಾಲು ಬಂದಿಲ್ಲ ಎಂದು ನೋಡುತ್ತಾರೆ. ಹಾಲು ಬರಲಿಲ್ಲವೆಂದರೆ ಆ ಮನೆಯಲ್ಲಿ ಏನೋ ಆಗಿದೆ. ಜ್ವರ, ಹೆರಿಗೆ, ಜಗಳ, ಸಾವು. ಡೇರಿಯ ಬಾಗಿಲು ಹಾಕಿ ಮನೆಗೆ ಹೋಗುವಾಗ ಆ ಮನೆಯ ಮುಂದೆ ಹಾದು ಹೋಗುತ್ತಾರೆ. ಅವರ ಕೆಲಸದ ಕ್ರಮವೇ ಅದು. ಇದಕ್ಕೆ ಸೇವೆ ಎಂಬ ಹೆಸರಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಬಲಗಡೆ ಅಪ್ಪನ ಹೆಸರು ಎಲ್ಲಿಯೂ ಇರಲಿಲ್ಲ. ಕೊನೆಗೆ ಉಳಿದದ್ದು ಒಂದು ಹಳೆಯ ಕಾರ್ಡು. ಅಂಚೆಲ್ಲ ಉದುರಿ, ಅಕ್ಷರ ಮಾಸಿದ್ದು. ಅಪ್ಪ ಉಳಿಸಿಕೊಂಡ ಮೊದಲನೆಯ ಕಾರ್ಡು ಅದೇ ಎಂದು ಅಮ್ಮ ಹೇಳಿದ್ದಳು. ನಾಲೆಯ ಪಕ್ಕದ ಆ ಮನೆಯಲ್ಲಿ ಈಗ ತುಂಬ ವಯಸ್ಸಾದ ಅಜ್ಜಿಯೊಬ್ಬರು ಸೊಸೆಯೊಂದಿಗೆ ಇದ್ದರು. ಅತ್ತೆ ಕೇಳಿದರು. ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ನಿಮ್ಮಪ್ಪನೇ ಕನವ್ವ."

"ನಮ್ಮಪ್ಪನಾ?"

"ಆಗಿನ್ನೂ ಲೀಡ್ರು ಆಗಿರ್ನಿಲ್ಲ. ಮೀಸೆ ಆಗ್ತಾನೆ ಬಂದಿತ್ತು. ಎಮ್ಮೆ ಅದು, ಹಸ ಅಲ್ಲ. ಇಬ್ರುನ್ ಒದ್ದು ಕೆಡುವಿತ್ತು. ನಿಮ್ಮಪ್ಪಂಗೂ ಒದೀತು. ಬುಡ್ನಿಲ್ಲ ಅವ್ನು. ಕುಂಟ್ಕೊಂಡ್ ಕರ್ದ."

ವಾಪಸು ಬರುವಾಗ ಅತ್ತೆ ನಾಲೆಯ ಏರಿಯ ಮೇಲೆ ನಿಂತು ನಿಂತು ನಕ್ಕರು. "ಈಗ ಅಸ ಕಂಡ್ರೆ ಪಂಚೆ ಎತ್ಕೊಂಡ್ ದೂರ ಓಯ್ತಾನೆ!" ನಗುತ್ತಲೇ ಕಣ್ಣು ಒರೆಸಿಕೊಂಡರು.

ಆ ಹಾಳೆಯನ್ನು ನಾನು ಒಂದು ವಾರ ಕಾಲೇಜಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಮಳವಳ್ಳಿಯ ಬಸ್ಸಿನಲ್ಲಿ ಕೂತು ತೆಗೆದು ನೋಡುವುದು, ಮಡಚುವುದು. ಬಲಗಡೆಯ ಸಾಲನ್ನು ಬಿಟ್ಟು ಎಡಗಡೆಯದನ್ನಷ್ಟೇ ಅಂದವಾಗಿ ಬರೆದುಕೊಟ್ಟರೆ ಅದು ಸುಳ್ಳಲ್ಲ. ವೀಕ್ಷಕರು ಒಂದು ಸಾಕ್ಷಿ ಕೇಳಿದ್ದರು, ಅಪ್ಪ ಎಲ್ಲ ಮನೆಗೂ ಹೋಗಿದ್ದರು, ಅಷ್ಟು ಸಾಕಾಗುತ್ತಿತ್ತು. ಇಪ್ಪತ್ತು ವರ್ಷ ಕಾದವರ ಟಿಕೆಟ್ಟು ನನ್ನ ಕೈಬರಹದ ಒಂದು ಗೆರೆಯ ಮೇಲೆ ನಿಂತಿತ್ತು. ಶನಿವಾರ ಎರಡೂ ಸಾಲನ್ನು ಹಾಗೆಯೇ ನಕಲು ಮಾಡಿ, ಅಪ್ಪನ ಕನ್ನಡಕದ ಕೆಳಗಿಟ್ಟು ಅತ್ತೆಯ ಮನೆಗೆ ಹೋಗಿಬಿಟ್ಟೆ.

ಹಿಂದಿರುಗಿದಾಗ ಅವರು ಇನ್ನೂ ಓದುತ್ತಿದ್ದರು. ಬೆರಳು ಬಲಗಡೆಯ ಸಾಲಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು.

"ಇದ್ ಯಾರ್ ಕೇಳಿದ್ ಪ್ರಶ್ನೆ?"

"ಅತ್ತೆ."

"ಅವ್ಳೇ ಇರ್ಬೇಕು ಅಂದ್ಕೊಂಡೆ." ಬೆರಳು ಕೊನೆಯ ಹೆಸರಿನ ಮೇಲೆ ಬಂದು ನಿಂತಿತು. ತುಂಬ ಹೊತ್ತು ಅಲ್ಲೇ ಇತ್ತು. "ಒದೀತಿತ್ತು ಆ ಎಮ್ಮೆ," ಎಂದರು. ಎದ್ದು ಹೋದರು.

ಎರಡು ದಿನ ಅಪ್ಪ ಪಕ್ಷದವರ ಫೋನು ಬಂದರೆ ತೆಗೆಯಲಿಲ್ಲ. ನಾನು ಬರೆದದ್ದು ತಪ್ಪಾಯಿತೇನೋ ಎಂದು ಅಮ್ಮನ ಮುಖ ನೋಡಿದರೆ ಅವಳು ತಲೆ ಆಡಿಸಿ ಒಲೆಯ ಕಡೆ ತಿರುಗುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಅಮ್ಮ ಡೇರಿಗೆ ಒಯ್ಯಲಿದ್ದ ಹಾಲಿನ ಕ್ಯಾನನ್ನು ಅಪ್ಪ ಕೈಗೆತ್ತಿಕೊಂಡರು. "ಬಾ," ಎಂದರು ನನಗೆ.

ಡೇರಿಯ ಮುಂದೆ ಸಾಲು ನಿಂತಿತ್ತು. ಡೇರಿಯಾಕೆ ನೀಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾಲು ಸುರಿಯುತ್ತಿದ್ದರು. ನಲವತ್ತರ ಆಸುಪಾಸು, ಗಟ್ಟಿ ಕೈಗಳು.

"ಏನಣ್ಣಾ, ದಾರಿ ತಪ್ಪಿ ಬಂದ್ರಾ?"

"ತಾಲ್ಲೂಕ್ ಪಂಚಾಯ್ತಿಗೆ ನಿಲ್ತೀಯವ್ವ?"

"ಮೊದ್ಲು ಕ್ಯಾನ್ ಇಳ್ಸಿ. ಇಂದೆ ಜನ ನಿಂತವ್ರೆ."

ಅಪ್ಪ ಇಳಿಸಿದರು. ಆಕೆ ಅಳೆದರು, ಹಾಲಿನ ಕೊಬ್ಬಿನಂಶ, ಅಂದರೆ ಫ್ಯಾಟು, ನೋಡಿದರು, ಚೀಟಿ ಕೊಟ್ಟರು. ಅಪ್ಪ ಅಲ್ಲಿಂದ ಕದಲಲಿಲ್ಲ.

"ತಮಾಸೆ ಮಾಡ್ಬ್ಯಾಡಿ ಕನಣ್ಣ. ನಂಗ್ ಯಾವ್ ಪಕ್ಸಾನೂ ಇಲ್ಲ."

"ನಮ್ದೂ ಇಲ್ದಂಗೇ ಆಗದೆ ಬುಡು. ಸೋತದೆ."

ಸಾಲಿನಲ್ಲಿದ್ದವರು ನಕ್ಕರು. ಆಕೆ ನಗಲಿಲ್ಲ. ಅಪ್ಪನ ಮುಖವನ್ನು ನೋಡಿದರು, ಆಮೇಲೆ ನನ್ನದನ್ನು. "ನೀವ್ ನಿಲ್ಬೇಕು ಅಂತಿದ್ರಲ್ಲ?"

"ಇದ್ದೆ," ಎಂದರು ಅಪ್ಪ. ಆ ಒಂದು ಪದಕ್ಕೆ ಅವರು ಎರಡು ದಿನ ತೆಗೆದುಕೊಂಡಿದ್ದರೆಂದು ನನಗೆ ಆಗ ತಿಳಿಯಿತು. ಅಪ್ಪನನ್ನು ನಾನು ಅಷ್ಟು ಹತ್ತಿರದಿಂದ, ಅಷ್ಟು ದೊಡ್ಡವರಾಗಿ ಎಂದೂ ನೋಡಿರಲಿಲ್ಲ.

"ಮದ್ದೂರು ಮಂಡ್ಯ ಅಂತ ಮೀಟಿಂಗಿಗ್ ಓದ್ರೆ ಇಲ್ಲಿ ಆಲ್ ಅಳಿಯೋರ್ ಯಾರು?"

"ನಾನ್ ಅಳೀತೀನಿ."

"ಅಣ್ಣಾ, ಫ್ಯಾಟ್ ನೋಡೋದು ಭಾಸ್ಣ ಅಲ್ಲ ಕನ!" ಎಂದು ಹಿಂದಿನಿಂದ ಒಬ್ಬರು ಕೂಗಿದರು.

"ಎಂಟ್ ದಿನ ಬಂದು ಕಲೀರಿ," ಎಂದರು ಆಕೆ, ಮುಂದಿನ ಕ್ಯಾನು ಎಳೆದುಕೊಳ್ಳುತ್ತಾ. "ಆಮ್ಯಾಕ್ ನೋಡಾನ."

ಅಪ್ಪ ಎಂಟು ದಿನವೂ ಹೋದರು. ಡೇರಿಯ ಸಂಘದವರು ಮೊದಲು ನಗೆಯಾಡಿ, ಆಮೇಲೆ ಒಪ್ಪಿದರು. ಬಿಳಿ ಅಂಗಿಯ ತುಂಬ ಹಾಲಿನ ಕಲೆ ಮಾಡಿಕೊಂಡು ಬರುತ್ತಿದ್ದರು. ಎಂಟನೆಯ ದಿನ, "ನಿಲ್ತಾಳಂತೆ, ಆದ್ರೆ ಒಂದ್ ಮಾತು ಯೋಳವ್ಳೆ," ಎಂದರು. "ಯಾರ್ ತಿಥೀಗೂ ಹಾರ ತಗೊಂಡ್ ಓಗಲ್ವಂತೆ."

ಮಂಡ್ಯದಲ್ಲಿ ಆಕಾಂಕ್ಷಿಗಳನ್ನು ಕರೆದ ದಿನ ಅಪ್ಪ ಬರಲಿಲ್ಲ, ಎರಡು ಹೊತ್ತಿನ ಅಳತೆ ಅವರದಾಗಿತ್ತು. ಆಕೆ, ಅತ್ತೆ, ನಾನು ಬಸ್ಸಿನಲ್ಲಿ ಹೋದೆವು. ಪಕ್ಷದ ಕಚೇರಿಯ ಮುಂದೆ ಕಾರುಗಳು, ಶಾಲುಗಳು, ಹಿಂಬಾಲಕರು. ಕೆಲವರ ಕೈಯಲ್ಲಿ ದಪ್ಪ ಆಲ್ಬಮ್ಮು. ಫೋಟೋ ಬೇಡವೆಂದಿದ್ದು ಯಾರಿಗೂ ಕೇಳಿಸಿದಂತಿರಲಿಲ್ಲ. ಆಕೆಯ ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ನೀರಿನ ಬಾಟಲಿ. ಒಳಗೆ ವೀಕ್ಷಕರೊಂದಿಗೆ ಮೂವರು ಕೂತಿದ್ದರು, ಗೋಡೆಯ ಸುತ್ತ ಉಳಿದ ಆಕಾಂಕ್ಷಿಗಳು.

"ಪಕ್ಷಕ್ಕೆ ತಮ್ಮ ಸೇವೆ ಏನು?" ಎಂದು ಒಬ್ಬರು ಕೇಳಿದರು.

"ಏನೂ ಇಲ್ಲ ಸಾರ್."

"ಹೋದ ಸಲ ಯಾರಿಗೆ ಓಟು ಹಾಕಿದ್ರಿ?"

"ಅದ್ ನಿಮ್ಗ್ ಯಾಕ್ ಸಾರ್?"

ಅತ್ತೆ ನನ್ನ ಮೊಣಕೈ ತಿವಿದರು. ನಾನು ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟೆ. ಎರಡು ಸಾಲು ಏನೆಂದು ಮೂರು ವಾಕ್ಯದಲ್ಲಿ ಹೇಳಿದೆ. ವೀಕ್ಷಕರು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು.

"ಈ ಎಡಗಡೆ ಇರುವವರು ಎಲ್ಲಿ? ಮೊದಲು ಅರ್ಜಿ ಅವರದಿತ್ತಲ್ಲ."

"ಹಾಲು ಅಳೆಯುತ್ತಿದ್ದಾರೆ, ಸರ್."

ಅವರು ಹಾಳೆಯ ಮೇಲೆ ಕೈಯಿಟ್ಟುಕೊಂಡು, ಗೋಡೆಯ ಪಕ್ಕ ಕೂತಿದ್ದವರ ಕಡೆ ತಿರುಗಿದರು. ದೊಡ್ಡ ಆಲ್ಬಮ್ಮಿನವರನ್ನು ಮೊದಲು ಕೇಳಿದರು. "ನಿಮ್ಮೂರಲ್ಲಿ ಈಚೆಗೆ ಸಾವಾದ ಮನೆ ಯಾವುದು? ಅವತ್ತು ಅವರ ಹಸು ಕರೆದವರು ಯಾರು?" ಆ ಮನುಷ್ಯ ಆಲ್ಬಮ್ಮಿನ ಹಾಳೆ ಎರಡು ತಿರುಗಿಸಿ, ಮುಚ್ಚಿದರು. ಪಕ್ಕದವರನ್ನು ಕೇಳಿದರು, ಆ ಪಕ್ಕದವರನ್ನು. ಕೊನೆಗೆ ಸೋಮನಹಳ್ಳಿ ಕಡೆಯವರೊಬ್ಬರು, "ಗೊತ್ತಿಲ್ಲ ಸಾರ್. ಇವತ್ತೇ ಓಗ್ ವಿಚಾರಿಸ್ತೀನಿ," ಎಂದರು. ಅವರ ಮುಖದಲ್ಲಿ ನಾಚಿಕೆಯಿತ್ತು, ಅದಕ್ಕಿಂತ ಹೆಚ್ಚಾಗಿ ಕುತೂಹಲವಿತ್ತು. ವೀಕ್ಷಕರು ಅವರ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು.

ಅಲ್ಲಿ ಏನು ತೀರ್ಮಾನವಾಯಿತೆಂದು ನಮಗೆ ಹೇಳಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಪಟ್ಟಿ ಬಂದಿಲ್ಲ, ಚುನಾವಣೆಯ ದಿನವೂ ಗೊತ್ತಾಗಿಲ್ಲ. ಆ ಹಾಳೆಯ ನಕಲು ಬೇರೆ ತಾಲ್ಲೂಕುಗಳಿಗೆ ಹೋಗಿದೆಯೆಂದು ಮಾತ್ರ ಕೇಳಿದೆ.

ನಾವು ಊರಿಗೆ ಬಂದಾಗ ಸಂಜೆ ಅಳತೆಯ ಹೊತ್ತು ಮುಗಿಯುತ್ತ ಬಂದಿತ್ತು. ಡೇರಿಯ ಬಾಗಿಲು ತೆರೆದಿತ್ತು, ಕರೆಂಟು ತಕ್ಕಡಿಯ ದೀಪ ಉರಿಯುತ್ತಿತ್ತು, ನಾಲ್ಕು ಜನ ಕ್ಯಾನು ಹಿಡಿದು ನಿಂತಿದ್ದರು. ಅಪ್ಪ ಇರಲಿಲ್ಲ.

"ಎಲ್ಲೋದ್ರು ನಮ್ ಲೀಡ್ರು?" ಎಂದರು ಡೇರಿಯಾಕೆ.

"ನಾಲೆ ಮನೆ ಆಲು ಬರ್ನಿಲ್ಲ ಅಂತ ನೋಡಕ್ ಓದ್ರು. ನಮ್ಮನ್ ಇಲ್ಲೇ ನಿಲ್ಸ್‌ಬುಟ್ಟು!"

ಆಕೆ ಚೀಲವನ್ನು ಬಾಗಿಲ ಬಳಿ ಇಟ್ಟು ಸೆರಗು ಸಿಕ್ಕಿಸಿಕೊಂಡು ಅಳತೆಗೆ ನಿಂತರು. ಅತ್ತೆ, ನಾನು ನಾಲೆಯ ಕಡೆ ಹೋದೆವು. ಹಳೆಯ ಕಾರ್ಡಿನ ಮನೆ. ಆ ಅಜ್ಜಿ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಪೆಟ್ಟಾಗಿ, ಮನೆಯವರೆಲ್ಲ ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಹೋಗಿದ್ದರು. ನಾವು ಬಂದ ಬಸ್ಸು ಎಲ್ಲೋ ದಾರಿಯಲ್ಲಿ ಅವರನ್ನು ದಾಟಿ ಬಂದಿರಬೇಕು.

ಅಪ್ಪ ಪಂಚೆ ಮೇಲೆ ಕಟ್ಟಿ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಹಸು ಬಾಲದಿಂದ ಅವರ ತಲೆಗೆ ಹೊಡೆಯುತ್ತಿತ್ತು. ಬಕೆಟ್ಟಿನ ತಳ ಇನ್ನೂ ಮುಚ್ಚಿರಲಿಲ್ಲ. ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಮದ್ದೂರಿನಿಂದಲೋ ಮಂಡ್ಯದಿಂದಲೋ. ಅವರು ಕೈ ಬಿಡಲಿಲ್ಲ.

"ಬೆರಳ್ ಒಳೀಕ್ ಮಡ್ಚು ಕನ್ಲಾ, ಇಪ್ಪತ್ ವರ್ಸ ಹಾರ ಹಿಡ್ದು ಹಿಡ್ದು ಕೈ ಮರ್ತೋಗದೆ ನಿಂಗೆ," ಎಂದರು ಅತ್ತೆ.

"ಸುಮ್ಕಿರಕ್ಕ. ಅಸ ಎದರ್ಕತದೆ."

ನಾನು ಹೋಗಿ ಬಾಲ ಹಿಡಿದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಸದ್ದು ಬದಲಾಯಿತು. ಹಾಲು ತಗಡಿಗೆ ಬೀಳುವುದು ನಿಂತು ಹಾಲಿಗೇ ಬೀಳತೊಡಗಿತು. ಆ ಸಂಜೆ ನಾಲೆ ಮನೆಯ ನಂಬರಿನ ಹಾಲು ಎಲ್ಲರದಕ್ಕಿಂತ ಕೊನೆಗೆ ಬಂತು, ಎಂದಿಗಿಂತ ಸ್ವಲ್ಪ ಕಡಿಮೆ. ಡೇರಿಯಾಕೆ ಬಾಗಿಲು ಹಾಕದೆ ಕಾದಿದ್ದರು.